ಪಂಚಮಿಯಂದು ಹಾವು ಕೊಲ್ಲಲು ಹೊರಟವನು

ಆನ್‌ಲೈನ್ ಆಟ ಆಡುವವರನ್ನು ಕಂಡರೆ ಶಿವರಾಜನಿಗೆ ಮೈಯೆಲ್ಲ ತುರಿಸುತ್ತಿತ್ತು. ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಅವನು ಕಂಪ್ಯೂಟರಿನಲ್ಲಿ ಬಿಲ್ ತೆಗೆಯುವವ. ಪಕ್ಕದ ಕುರ್ಚಿಯ ಸಂಜೀವ ಲಾರಿ ತೂಕ ಹಾಕುವವ. ಸಂಜೀವನದು ಐದು ಮಂದಿಯ ದಂಡು. ಸಂಜೆಯಾದರೆ ಐವರೂ ಮೊಬೈಲ್ ಹಿಡಿದು, ಅವರವರ ಮನೆಯಲ್ಲೇ ಕೂತು, ಮಾಯಾಲೋಕದ ರಾಕ್ಷಸರನ್ನು ಒಟ್ಟಾಗಿ ಕೊಲ್ಲುತ್ತಿದ್ದರು. ಮರುದಿನ ಶಿವರಾಜ ಮೂಗು ಹಿಡಿದುಕೊಂಡು ಅದನ್ನೇ ಅಣಕಿಸುತ್ತಿದ್ದ.

“‘ಹಲೋ, ಹಲೋ! ದೇವದುರ್ಗದ ಪರ್ವೇಜಣ್ಣಾ, ಕೇಳಸಾಕತ್ತದೇನು? ಲೇ, ಮೈಕ್ ಬಂದ್ ಮಾಡಲೇ, ನಿಮ್ಮನಿ ಕುಕ್ಕರ್ ಸೀಟಿ ಹೊಡ್ಯಾಕತ್ತದ! ಕಲ್ಲೂರವ ಎಲ್ಲಿ? ಕರೆಂಟ್ ಹೋತೇನು? ಅಯ್ಯಯ್ಯೋ, ರಾಕ್ಷಸ ಬಂದ್ನಲೇ!’ ಇದು ಯುದ್ಧಲ್ಲೋ ಸಂಜೀವಾ, ಸಂತಿ. ನಿಮ್ಮದು ದಂಡಲ್ಲ, ಬರೇ ದಂಡ.”

“ನೀ ಒಬ್ಬನ ಕುಂತು ಆಡೂದು ಭಾರಿ ಅದ ಬಿಡು,” ಎಂದ ಸಂಜೀವ. “ಕನ್ನಡಿ ಮುಂದ ನಿಂತು ತನಗ ತಾನ ಅಕ್ಕಿಕಾಳು ಹಾಕ್ಕೊಂಡು ಮದಿವಿ ಆದಂಗ.”

ಅಲ್ಲಿಗೆ ಪಂಥ ಬಿತ್ತು. ಶಿವರಾಜ ಮನೆಯ ಕಂಪ್ಯೂಟರಿನಲ್ಲಿ ಒಬ್ಬನೇ ಆಡುತ್ತಿದ್ದ ಆಟದಲ್ಲಿ ವೀರನಿಗೆ ಒಂದೇ ಜೀವ; ಸತ್ತರೆ ಹನ್ನೊಂದು ತಿಂಗಳ ದುಡಿಮೆ ಅಳಿಸಿಹೋಗುತ್ತದೆ. ಉಳಿದಿದ್ದುದು ಮೂರು ಹೆಡೆಯ ಸರ್ಪರಾಜನೊಂದಿಗೆ ಕೊನೆಯ ಕಾಳಗ. ಅದನ್ನು ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೂ ಸತ್ತಂತೆಯೇ. ಶಿವರಾಜ ಒಬ್ಬನೇ ಗೆದ್ದರೆ ಸಂಜೀವ ಜನ್ಮದಲ್ಲಿ ಅವನನ್ನು ದಂಡಿಗೆ ಕರೆಯಬಾರದು. ಸೋತರೆ ಶಿವರಾಜ ಮರುದಿನವೇ ದಂಡು ಸೇರಬೇಕು.

ಮಿಲ್ಲಿಗೆ ರಜೆಯಿದ್ದ ದಿನ ನೋಡಿ ಶಿವರಾಜ ಮುಹೂರ್ತ ಇಟ್ಟುಕೊಂಡ. ಅಂದು ನಾಗರ ಪಂಚಮಿ; ಪಂಚಮಿ ಎಂದರೆ ಅವನ ತಲೆಯಲ್ಲಿ ಇದ್ದದ್ದು ಶೇಂಗಾ ಉಂಡಿ ಮಾತ್ರ.

ಬೆಳಿಗ್ಗೆ ಹತ್ತಕ್ಕೆ ಸರ್ಪರಾಜ ಗುಹೆಯಿಂದ ಹೊರಬಂದ. ಒಂದೊಂದು ಹೆಡೆ ಒಂದೊಂದು ಮೊರದಷ್ಟಿತ್ತು. ವೀರ ಕತ್ತಿ ಎತ್ತಿದ. ಅದೇ ಹೊತ್ತಿಗೆ ಉಂಡಿಯ ತಟ್ಟೆ ಹಿಡಿದು ತಾಯಿ ವೀರಭದ್ರಮ್ಮ ಒಳಗೆ ಬಂದಳು.

“ಯವ್ವಾ ಶಿವನ! ಪಂಚಮಿ ದಿನ ಹಾವಿಗೆ ಕತ್ತಿ ಎತ್ತೀಯೇನಲೇ? ಇವತ್ತು ಒಲಿ ಮ್ಯಾಲೆ ಹಂಚು ಸೈತ ಇಟ್ಟಿಲ್ಲ ನಾ, ನಾಗಪ್ಪನ ಹೆಡಿ ಸುಡ್ತದಂತ!”

“ಯವ್ವಾ, ಇದು ಖರೇ ಹಾವಲ್ಲ!”

“ಹುತ್ತಿನ ಮುಂದ ಇಟ್ಟ ಮಣ್ಣಿನ ಹಾವು ಖರೇ ಏನು? ಅದಕ್ಕ ಹಾಲು ಎರದು ಬಂದೀನಿ ನಾ. ನಾಳಿ ಹೊಡಿ.”

“ನಾಳಿ ತನ ಅದು ನನ್ನ ಬಿಡ್ತದೇನು?”

ವೀರಭದ್ರಮ್ಮ ತಟ್ಟೆ ಕೆಳಗಿಟ್ಟಳು. ಹೋಗಿ ಕಂಪ್ಯೂಟರಿನ ಪ್ಲಗ್ ಹಿಡಿದು ನಿಂತಳು. “ಒಂದ ಏಟು ಬೀಳಲಿ ನೋಡು, ಕಿತ್ತೇ ಬಿಡ್ತೀನಿ.”

ಹನ್ನೊಂದು ತಿಂಗಳ ದುಡಿಮೆ ಅವಳ ಎರಡು ಬೆರಳುಗಳ ನಡುವೆ ಇತ್ತು. ಶಿವರಾಜ ಕತ್ತಿ ಇಳಿಸಿದ, ಗುರಾಣಿ ಎತ್ತಿದ, ಓಡತೊಡಗಿದ. ಸರ್ಪರಾಜ ಕಚ್ಚಲು ಬಂದರೆ ಬಲಕ್ಕೆ ಜಿಗಿತ, ವಿಷ ಉಗುಳಿದರೆ ಗುರಾಣಿಯ ಮರೆ, ಮತ್ತೆ ಓಟ. ಹೊಡೆಯುವಂತಿಲ್ಲ, ಸಾಯುವಂತಿಲ್ಲ. ಗಾಣದ ಎತ್ತಿನಂತೆ ವೀರ ಹಾವಿನ ಸುತ್ತ ಸುತ್ತಿದ.

ಎದುರು ಮನೆಯ ಅಂಗನವಾಡಿ ಟೀಚರ್ ಗೋಪಮ್ಮ ಹಾಲಿನ ಬಟ್ಟಲು ಹಿಡಿದು ಬಂದವಳು ಬಾಗಿಲಲ್ಲೇ ಕೈ ಮುಗಿದಳು.

“ಎಷ್ಟು ಛಂದ ಪ್ರದಕ್ಷಿಣಿ ಹಾಕಾಕತ್ತಾನ ನಿನ್ನ ಮಗ, ವೀರಭದ್ರಮ್ಮ! ಎಷ್ಟಾದುವು?”

“ಯಾರು ಎಣಿಸ್ಯಾರವ್ವಾ!”

“ಅಯ್ಯ, ಎಣಿಸ್ಲಿಲ್ಲಂದ್ರ ಫಲ ಇಲ್ಲ. ಒಂದು... ಎರಡು...” ಎಣಿಸುತ್ತಲೇ ಗೋಪಮ್ಮ ಚಮಚದಿಂದ ಪರದೆಯ ಮೇಲಿನ ಹಾವಿಗೆ ಹಾಲು ಎರೆಯತೊಡಗಿದಳು. “ದೇವರ ಪಾಲು, ಗುರುವಿನ ಪಾಲು, ಶಿವರಾಜನ ಪಾಲು...”

“ಟೀಚರವ್ವಾ, ಬಲಗಡಿ ಹೆಡಿ ಕಾಣವಲ್ದು! ಒರಸ್ರಿ!” ಎಂದು ಶಿವರಾಜ ಚೀರಿದ. ಬಲಗಡೆಯ ಹೆಡೆ ಕಚ್ಚಿಯೇ ಬಿಟ್ಟಿತು. ಅರ್ಧ ಜೀವ ಹೋಯಿತು.

ಈ ಸಂಭ್ರಮದ ನಡುವೆ ಸಂಜೀವ ಬಂದ. ಪಂಥಕ್ಕೆ ಸಾಕ್ಷಿ ಬೇಕಲ್ಲ. ಉಂಡಿ ಬಾಯಿಗೆ ಹಾಕಿಕೊಂಡು ಸುತ್ತ ನೋಡಿದ. ಒಬ್ಬಳು ಪ್ಲಗ್ ಹಿಡಿದಿದ್ದಾಳೆ, ಒಬ್ಬಳು ಹಾಲು ಎರೆಯುತ್ತಿದ್ದಾಳೆ.

“ಒಬ್ಬನ ಆಡೂದಂದ್ರ ಇದೇನೋ ಶಿವರಾಜಾ? ನಮ್ಮ ದಂಡಿನಾಗೂ ಇಷ್ಟು ಗದ್ದಲಿಲ್ಲಲೋ.”

ಶಿವರಾಜ ವೀರನನ್ನು ಓಡಿಸುತ್ತಲೇ ಇದ್ದ. ಹೆಬ್ಬೆರಳು ಮರಗಟ್ಟಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು.

“ನೂರಾಎಂಟು!” ಎಂದಳು ಗೋಪಮ್ಮ.

ಹಾವು ನಿಂತಿತು. ಮೂರು ಹೆಡೆಗಳೂ ಒಂದೊಂದಾಗಿ ನೆಲಕ್ಕೆ ಬಾಗಿದವು. ತುತ್ತೂರಿ ಮೊಳಗಿತು, ಸರ್ಪರಾಜ ತನ್ನ ಕಿರೀಟ ತೆಗೆದು ವೀರನ ತಲೆಗಿಟ್ಟ. ವೀರಭದ್ರಮ್ಮ ಪ್ಲಗ್ ಬಿಟ್ಟು ಗಲ್ಲ ಗಲ್ಲ ಬಡಿದುಕೊಂಡಳು. ಒಂದೂ ಏಟು ಹಾಕದೆ ಅಷ್ಟು ಹೊತ್ತು ತಾಳಿದವನಿಗೆ ಹಾವೇ ತಲೆಬಾಗುವಂಥ ಗುಪ್ತ ದಾರಿಯೊಂದನ್ನು ಆ ಆಟ ಮಾಡಿದವರು ಇಟ್ಟಿದ್ದರು. ಹಾವು ಕಂಡ ಕೂಡಲೇ ಕತ್ತಿ ಬೀಸುವ ಜನಕ್ಕೆ ಅದೆಲ್ಲಿ ಸಿಕ್ಕೀತು?

“ಗೆದ್ನೆಲೇ!” ಶಿವರಾಜ ಕುರ್ಚಿ ಹತ್ತಿ ನಿಂತ. “ಒಬ್ಬನ ಗೆದ್ನೆಲೇ ಸಂಜೀವಾ! ಇನ್ನ ಜನ್ಮದಾಗ ಕರಿಬ್ಯಾಡ ನನ್ನ!”

“ಆತಪಾ, ಸೋತೆ. ಕರಿಯಂಗಿಲ್ಲ,” ಎಂದ ಸಂಜೀವ ಬಗ್ಗಿ ಪರದೆಯ ಮೇಲೆ ಮೂಡಿದ ಇಂಗ್ಲಿಷ್ ಅಕ್ಷರಗಳನ್ನು ನೋಡಿದ. ಗಂಟಲು ಸರಿಮಾಡಿಕೊಂಡು ಡಂಗುರ ಸಾರುವವನ ದನಿಯಲ್ಲಿ ಓದಿ ಹೇಳಿದ: “ಶತ್ರುವನ್ನು ಕೊಲ್ಲದೆ ಗೆದ್ದ ವೀರನೇ, ನಿನ್ನ ಒಂಟಿ ಅಲೆದಾಟ ಇಲ್ಲಿಗೆ ಮುಗಿಯಿತು. ಹಳೆಯ ಲೋಕ ಮುಚ್ಚಿತು. ಇನ್ನು ಸರ್ಪರಾಜನ ನಾಡಿಗೆ ಬಾ. ಅದು ಆನ್‌ಲೈನ್. ಮೂವರು ಸಂಗಡಿಗರಿಲ್ಲದೆ ಅದರ ಬಾಗಿಲು ತೆರೆಯದು.”

ಶಿವರಾಜ ಕುರ್ಚಿಯಿಂದ ಇಳಿದ.

“ನಾ ಕರದಿಲ್ಲ ನೋಡಪಾ,” ಎಂದ ಸಂಜೀವ ಎರಡೂ ಕೈ ಮೇಲೆತ್ತಿ. “ಹಾವ ಕರದದ.”

“ಒಲ್ಲೆ! ನಾ ಹೋಗಂಗಿಲ್ಲ!”

“ನಾಗಪ್ಪ ಕರದಾಗ ಒಲ್ಲೆ ಅಂತೀಯೇನು?” ವೀರಭದ್ರಮ್ಮನ ಕೈ ಮತ್ತೆ ಪ್ಲಗ್ಗಿನ ಕಡೆ ಹೋಯಿತು. “ಮೂರು ಮಂದಿ ಬೇಕಲ್ಲ? ಲೆಕ್ಕ ಬರೋಬ್ಬರಿ ಅದ, ನಾವಿಲ್ಲೇನು?”

ಸಂಜೀವ ಎರಡು ನಿಮಿಷದಲ್ಲಿ ಮೂರು ಮೊಬೈಲ್ ಜೋಡಿಸಿದ. ಗೋಪಮ್ಮ ಸವಾರಿಗೆ ರೆಕ್ಕೆಯಿರುವ ಕುದುರೆ ಬೇಡವೆಂದು ಎಮ್ಮೆ ಕೇಳಿದಳು. ನಾಯಕರು ಯಾರೆಂದು ಆಟ ಕೇಳಿತು. ಟೀಚರೇ ಆಗಲಿ ಎಂದು ಮೂವರೂ ಒತ್ತಿದರು. ಶಿವರಾಜನಿಗೆ ಉಳಿದದ್ದು ಒಂದೇ ಪಾತ್ರ.

“ಬರೇ ಕಿರೀಟ ಹಾಕ್ಕೊಂಡು ನಿಂತೀಯಲ್ಲಪಾ ಶಿವರಾಜಾ,” ಎಂದಳು ನಾಯಕಿ ಗೋಪಮ್ಮ, ಚಮಚ ತೋರಿಸಿ. “ಅದನ್ನ ಇಳಿಸಿ, ಎಲ್ಲಾರ ಗಂಟುಮೂಟಿ ಹೊತ್ಕೋ. ಹಿಂದಿಂದ ಬಾ.”