ಬಾಳೆಕಂಬವನ್ನು ಹಸಿರು ಬೇಲಿಯೆಂದು ಒಪ್ಪಿದ ಮಹನೀಯರಿಗೆ

ಬನಶಂಕರಿ ಎರಡನೇ ಹಂತ, ಬೆಂಗಳೂರು
ಮೇ ೧೯೮೨

ಛತ್ರಗಳ ಹಸಿರು ಮರೆಯನ್ನು ಪರಿಶೀಲಿಸುವ ಮಾನ್ಯ ಅಧಿಕಾರಿಗಳೇ,

ಲಾಲ್‌ಬಾಗಿನ ಮರಗಳು ನನ್ನನ್ನು ಒಂದು ಮಾತು ಕೇಳದೆ ಹೂ ಬಿಡುವುದಿಲ್ಲ. ಗಿಡಮರಗಳ ವಿಷಯದಲ್ಲಿ ನನಗೆ ಕಲಿಸುವುದು ಏನೂ ಉಳಿದಿಲ್ಲವೆಂದು ಬೇಗೂರಿನ ಶಾಲೆಯ ಮೇಷ್ಟ್ರು ನಾಲ್ಕನೇ ತರಗತಿಯಲ್ಲೇ ನನಗೆ ಕೈಮುಗಿದು ಮನೆಗೆ ಕಳಿಸಿದರು. ಇಂಥ ನಾನೂ ಕಂಡಿರದ ಸಸ್ಯವೊಂದನ್ನು ತಾವು ಕಂಡುಹಿಡಿದಿರುವುದರಿಂದ, ಸಾಷ್ಟಾಂಗ ನಮಸ್ಕರಿಸಿ ಬಿನ್ನವಿಸುವುದೇನೆಂದರೆ:

ನಮ್ಮ ಹಿತ್ತಿಲಿಗೆ ಅಂಟಿಕೊಂಡು ಗೌರೀಶಂಕರ ರಾಯರ ಮದುವೆ ಛತ್ರವಿದೆ. ನಡುವೆ ಸೊಂಟದೆತ್ತರದ ಗೋಡೆ. ಆಚೆ ನೆಲ ತೋಡಿ ಮಾಡಿದ ಉದ್ದನೆಯ ಕೋಡಿ ಒಲೆ, ಎಂಜಲೆಲೆಯ ಗುಡ್ಡ, ಅದರ ಮೇಲೆ ಜಗಳವಾಡುವ ನಾಯಿಗಳು, ಬರಿಮೈಯ ಅಡುಗೆಯವರು. ಈಚೆ ನನ್ನ ಹೆಂಡತಿ ತಿಮ್ಮಕ್ಕ ತಲೆ ಒಣಗಿಸಲು ಕೂತರೆ, ಸಾರಿನ ಉಪ್ಪು ನೋಡುವವರೆಲ್ಲ ಅವಳನ್ನೂ ನೋಡುತ್ತಾರೆ. ಮನೆಗಳ ಪಕ್ಕದ ಛತ್ರದವರು ಆಳೆತ್ತರದ ಗಿಡಗಳನ್ನು ಒತ್ತಾಗಿ ಬೆಳೆಸಿ ಮರೆ ಮಾಡಬೇಕೆಂದು ತಮ್ಮ ಕಚೇರಿಯೇ ಷರತ್ತು ಹಾಕಿದೆಯೆಂದು ಕೇಳಿ, ನಾನು ಅರ್ಜಿ ಕೊಟ್ಟೆ.

ರಾಯರು ಒಂದೇ ದಿನದಲ್ಲಿ ತೋಪು ಎಬ್ಬಿಸಿದರು. ಛತ್ರದಲ್ಲಿ ಒಂದು ಮದುವೆ ಮುಗಿದ ಮೇಲೆ ಬಾಗಿಲ, ಚಪ್ಪರದ ಬಾಳೆಕಂಬಗಳನ್ನು ಬಿಚ್ಚಿ ತಂದು ಗೋಡೆಯುದ್ದಕ್ಕೂ ಗುಂಡಿ ತೋಡಿ ನಿಲ್ಲಿಸಿದರು. ಬೇರಿಲ್ಲ, ಬುಡವಿಲ್ಲ, ಒಂದರ ಕೊರಳಲ್ಲಿ ವಧೂವರರ ಹೆಸರಿನ ಬಣ್ಣದ ಕಾಗದವೂ ನೇತಾಡುತ್ತಿತ್ತು. ತಾವು ಬಂದಿರಿ, ದೂರದಿಂದಲೇ ಹಸಿರು ಕಂಡಿರಿ, “ಭೇಷ್ ರಾಯರೇ, ಸಖತ್ತಾಗಿ ಬೆಳೆಸಿದ್ದೀರಿ” ಎಂದು ಸಹಿ ಹಾಕಿದಿರಿ. ಕಡಿದ ಮೇಲೆ ಬೆಳೆಯುವ ಗಿಡವನ್ನು ಗುರುತಿಸಿದ ಆ ಕಣ್ಣಿಗೆ ದೃಷ್ಟಿ ತೆಗೆಯಬೇಕು! ವಾರದೊಳಗೆ ತೋಪೆಲ್ಲ ಕೊಳೆತು ನಮ್ಮ ಕಡೆಗೇ ಮಲಗಿತು. “ರೀ, ಆ ಮರೆಯಲ್ಲಿ ನೀವೇ ಸೀರೆ ಉಟ್ಕೊಂಡು ಕೂತ್ಕೊಳ್ಳಿ, ಬೇಲಿ ಬಂದ್ಮೇಲೆ ನಾನು ಬರ್ತೀನಿ” ಎಂದು ತಿಮ್ಮಕ್ಕ ವಿಲ್ಸನ್ ಗಾರ್ಡನ್ನಿನ ಅಕ್ಕ ಅಣ್ಣಮ್ಮನ ಮನೆಗೆ ಹೊರಟುಹೋದಳು. ಅಂದಿನಿಂದ ನಾನು ಮಾಡಿದ ಅನ್ನವನ್ನು ನಾನೇ ತಿನ್ನುತ್ತಿದ್ದೇನೆ, ಶತ್ರುವಿಗೂ ಬೇಡ.

ಕೊನೆಗೆ ನಾನೇ ಬಿದಿರಿನ ತಟ್ಟಿ ತಂದು ಕಟ್ಟಿಸಿದೆ. ಮರುದಿನದ ಮದುವೆಗೆ ಜನ ಹೆಚ್ಚಾಗಿ ಅನ್ನ ಸುರಿಯಲು ಚಾಪೆ ಸಾಲದೆ, ಅಡುಗೆಯವರು ಅದನ್ನು ಬಿಚ್ಚಿಕೊಂಡು ಹೋದರು. ಗೋಡೆಯ ಮೇಲಿಂದ ಕೂಗಾಡಿದ್ದಕ್ಕೆ, “ಒಳ್ಳೇ ಕೆಲಸಕ್ಕೆ ತಾನೇ ಅಂಕಲ್, ಪಾಯಸ ಕಳಿಸ್ತೀವಿ ಬಿಡಿ” ಎಂದರು. ಆ ಪಾಯಸ ಇನ್ನೂ ದಾರಿಯಲ್ಲಿದೆ. ಅಂದು ಮೊದಲ ಪಂಕ್ತಿಯಲ್ಲಿ ಕೂತು ತಾವು ಮತ್ತೆ ಮತ್ತೆ ಬಡಿಸಿಕೊಂಡ ಅನ್ನ ನನ್ನ ಬೇಲಿಯ ಮೇಲೆ ಹರಡಿದ್ದು. ಪರಿಶೀಲನೆಯೆಂದರೆ ಇದು, ಬೇರೆ ಅಧಿಕಾರಿಗಳು ಬೇಲಿಯನ್ನು ನೋಡಿ ಹೋಗುತ್ತಾರೆ, ತಾವು ರುಚಿ ನೋಡಿದಿರಿ.

ಆದ್ದರಿಂದ ತಾವು ದಯಮಾಡಿ ಹನ್ನೆರಡು ತಿಂಗಳನ್ನೂ ಆಷಾಢವೆಂದು ಘೋಷಿಸಿ ಮದುವೆಗಳನ್ನೇ ನಿಲ್ಲಿಸಬೇಕು. ಅದಾಗದಿದ್ದರೆ, ಛತ್ರದ ಊಟದಿಂದ ದಿನೇ ದಿನೇ ಅಗಲವಾಗುತ್ತಿರುವ ತಮ್ಮ ದೇಹಕ್ಕೆ ಹಸಿರು ಅಂಗಿ ತೊಡಿಸಿ, ಮುಹೂರ್ತದ ದಿನಗಳಲ್ಲಿ ತಾವೇ ನಮ್ಮ ಗೋಡೆಗೆ ಒತ್ತಿ ನಿಲ್ಲಬೇಕು. ಬೆಳಿಗ್ಗೆ ಒಂದು ಕೊಡ ನೀರು ಹಾಕುವ ಜವಾಬ್ದಾರಿ ನನ್ನದು.

ತಮ್ಮ ಸಹಿಯ ನೆರಳಲ್ಲಿ ಬಿಸಿಲು ಕಾಯುತ್ತಿರುವ
ತಮ್ಮ ವಿಶ್ವಾಸಿ,
ಗಂಗಯ್ಯ

ತಾಜಾಕಲಂ: ತಟ್ಟಿಗೆ ಐನೂರು ರೂಪಾಯಿ ಸುರಿದೆನೆಂದು ಬೀದಿಗೆಲ್ಲ ಸಾರಿದ್ದೆ. ಸುದ್ದಿ ವಿಲ್ಸನ್ ಗಾರ್ಡನ್ ಮುಟ್ಟಿ, “ಅಷ್ಟು ದುಡ್ಡಿರೋರು ಇನ್ನೊಂದು ಕಟ್ಟಿಸ್ಲಿ, ಅವತ್ತೇ ಬರ್ತೀನಿ” ಎಂದು ತಿಮ್ಮಕ್ಕ ಹೇಳಿಕಳಿಸಿದ್ದಾಳೆ. ತಿಂದ ಅನ್ನದ ಋಣಕ್ಕಾದರೂ ತಾವು ಆ ತಟ್ಟಿಯ ಹಣ ಕೊಟ್ಟರೆ ನನ್ನ ಸಂಸಾರ ಉಳಿಯುತ್ತದೆ. ಹೆದರಬೇಡಿ, ನಿಜವಾಗಿ ಹೋದದ್ದು ನಲವತ್ತೆರಡು ರೂಪಾಯಿ.