ನುಸಿ ಸಾಕಿದವನ ನೌಕರಿ

ತಾನು ಮಾಡುವ ಕೆಲಸ ಏನೆಂದು ನಾಲ್ಕು ಜನರಿಗೆ ತಿಳಿಯುವ ಹಾಗೆ ಹೇಳಲು ಬಾರದವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಎರಡು ಸಾವಿರದ ಇಸವಿಯ ಆಚೀಚೆ ಬಾಗಲಕೋಟೆಯಲ್ಲಿ ನನಗೊಂದು ಹಂಗಾಮಿ ನೌಕರಿ ಸಿಕ್ಕಿತ್ತು. ಕೂಡಿಟ್ಟ ಕಾಳಿಗೆ ನುಸಿ ಹತ್ತದಂತೆ ಗಿಡಮೂಲಿಕೆಗಳಿಂದ ಬಟ್ಟಿ ಇಳಿಸಿದ ಎಣ್ಣೆ ಬಳಸಿ ನೋಡುವ ಕೆಲಸ. ನೀಲಗಿರಿ, ಬಜೆ, ಮಜ್ಜಿಗೆ ಹುಲ್ಲು, ಹೀಗೆ ಬಗೆಬಗೆಯ ವಾಸನೆಯ ಬಾಟಲಿಗಳು. ವರ್ಷದ ಕೊನೆಗೆ ಎಣ್ಣೆಯ ಗುಣ ಕಣ್ಣಿಗೆ ಕಾಣುವಂತೆ ತೋರಿಸಿದರೆ ನೌಕರಿ ಮುಂದುವರಿಯುತ್ತದೆ, ಇಲ್ಲದಿದ್ದರೆ ಮನೆಗೆ ಎಂದು ನಮ್ಮ ಕಚೇರಿಯ ಸಾಹೇಬರು ಮೊದಲ ದಿನವೇ ಹೇಳಿದ್ದರು. ಮನೆಯಲ್ಲಿ ಗಳಿಸುವವನು ನಾನೊಬ್ಬನೇ. ಹೀಗಾಗಿ ಇದರಲ್ಲಿ ನಗುವ ಮಾತು ಬಹಳ ಇದ್ದರೂ ಆಗ ನಾನು ನಕ್ಕದ್ದು ಕಡಿಮೆ.

೧. ನುಸಿ ಬೇಡಿದ್ದು

ಔಷಧ ಪರೀಕ್ಷೆ ಮಾಡಬೇಕಾದರೆ ಮೊದಲು ರೋಗ ಬೇಕಲ್ಲ. ನುಸಿ ತಂದು, ಕಾಳಿನ ಜಾಡಿಯಲ್ಲಿ ಬಿಟ್ಟು, ಸಾಕಿ, ಸಂತಾನ ಬೆಳೆಸಿ, ಆಮೇಲೆ ಅವುಗಳ ಮೇಲೆ ಎಣ್ಣೆ ಪ್ರಯೋಗ. ನಾನು ಊರಿನ ವಿದ್ಯಾಗಿರಿ ಬಡಾವಣೆಯಲ್ಲಿ ಮನೆ ಮನೆಗೆ ಹೋಗಿ, ನಿಮ್ಮಲ್ಲಿ ನುಸಿ ಹತ್ತಿದ ಕಾಳು ಇದ್ದರೆ ಕೊಡಿ ಎಂದು ಕೇಳತೊಡಗಿದೆ. ಅಕ್ಕಿ ಕೇಳಿದ್ದರೆ ಕೊಡುತ್ತಿದ್ದರೇನೋ. ನುಸಿ ಎಂದ ಕೂಡಲೇ ಎಲ್ಲರ ಮುಖ ಗಂಟಾಗುತ್ತಿತ್ತು. ನಮ್ಮಲ್ಲಿ ಎಲ್ಲಿಯ ನುಸಿ, ಬಾಜೂ ಮನೆಯಲ್ಲಿ ಕೇಳಿ ಎನ್ನುವರು. ಬಾಜೂ ಮನೆಯವರು ತಿರುಗಿ ಇವರ ಮನೆಯನ್ನೇ ತೋರಿಸುವರು.

ಕೊನೆಗೆ ಒಬ್ಬ ನಿವೃತ್ತ ಹೆಡ್ ಮಾಸ್ತರರ ಹೆಂಡತಿ ಮುಂಬಾಗಿಲು ಹಾಕಿ, ಹಿತ್ತಲ ಬಾಗಿಲಿನಿಂದ ಕರೆದು, ಹಳೆಯ ಪೇಪರಿನಲ್ಲಿ ಕಟ್ಟಿದ ಹೆಸರುಕಾಳಿನ ಪೊಟ್ಟಣ ಕೈಗಿಟ್ಟರು. ಯಾರ ಮನೆಯದೆಂದು ಎಲ್ಲಿಯೂ ಬಾಯಿ ಬಿಡಬಾರದು ಎಂದು ಆಣೆ ಹಾಕಿಸಿಕೊಂಡರು.

ನಾನು ಬಾಯಿ ಬಿಡಲಿಲ್ಲ. ಆದರೆ ಪ್ರತಿ ಜಾಡಿಯ ಮೇಲೆ ನುಸಿ ಎಲ್ಲಿಂದ ಬಂತೆಂದು ಚೀಟಿ ಅಂಟಿಸಬೇಕೆಂಬುದು ಸಾಹೇಬರ ನಿಯಮ. ದುಂಡಗೆ ಬರೆದು ಅಂಟಿಸಿದೆ: ‘ಮೂಲ: ನಿವೃತ್ತ ಹೆಡ್ ಮಾಸ್ತರರ ಮನೆ, ವಿದ್ಯಾಗಿರಿ.’ ಹದಿನೈದು ದಿನಕ್ಕೆ ನಮ್ಮ ಕಚೇರಿಯಲ್ಲೊಂದು ಪ್ರದರ್ಶನ. ಊರ ಹಿರಿಯರ ಜೊತೆಗೆ ಅದೇ ಹೆಡ್ ಮಾಸ್ತರರೂ ಬಂದರು. ಜಾಡಿಯ ಮುಂದೆ ನಿಂತು, ಚಷ್ಮಾ ಏರಿಸಿ, ಚೀಟಿಯನ್ನು ಎರಡು ಸಲ ಓದಿದರು. ನಾನು ಕಂಬದ ಮರೆಗೆ ಸರಿದೆ. ಅವರು ಅಲ್ಲಿಗೂ ಬಂದು ಹೆಗಲ ಮೇಲೆ ಕೈಯಿಟ್ಟರು.

“ಮೂವತ್ತು ವರ್ಷ ಸರ್ವಿಸ್ ಮಾಡೀನಿ ತಮ್ಮಾ. ನಂದಂತ ಒಂದು ಬೋರ್ಡ್ ಎಲ್ಲೂ ಯಾರೂ ಹಾಕಿದ್ದಿಲ್ಲ. ನೀ ಹಾಕಿದಿ ನೋಡು.”

೨. ಅವ್ವನ ಕೈಗುಣ

ಕಚೇರಿಯಲ್ಲಿ ಹಲ್ಲಿಗಳ ಕಾಟ ಹೆಚ್ಚಿತೆಂದು ಜಾಡಿಗಳನ್ನು ಮನೆಗೆ ತಂದು ಗೋಡೆಯ ಮಾಡದಲ್ಲಿ ಸಾಲಾಗಿ ಇಟ್ಟೆ. ಆ ಹೊತ್ತಿಗೆ ನುಸಿಯ ಮೂರನೇ ತಲೆಮಾರು ನಡೆದಿತ್ತು. ಹಬ್ಬದ ಮುಂದೆ ನಾಲ್ಕು ದಿನ ಬಾದಾಮಿ ಕಡೆ ಹೋಗಿ ಬರುವಷ್ಟರಲ್ಲಿ ಅವ್ವ ಜಾಡಿಗಳನ್ನು ತೊಳೆದು ಬೋರಲು ಹಾಕಿದ್ದಳು.

ಅವ್ವನ ಮುಖದಲ್ಲಿ ಸಂತೋಷ ತುಂಬಿತ್ತು. ಕಾಳೆಲ್ಲ ಹಾಳಾಗಿದ್ದವಂತೆ. ಅಂಗಳದ ಬಿಸಿಲಿಗೆ ಹರವಿ, ಮೊರದಲ್ಲಿ ಕೇರಿ, ಆರಿಸಿ, ಒಂದೇ ಒಂದು ನುಸಿ ಉಳಿಯದ ಹಾಗೆ ಮಾಡಿದ್ದಾಳಂತೆ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅವನ್ನು ಸಾಕುವುದಕ್ಕೇ ನನಗೆ ತಿಂಗಳಿಗೆ ಪಗಾರ ಬರುತ್ತದೆ ಎಂದು ಬಿಡಿಸಿ ಹೇಳಿದೆ. ಅವ್ವ ನಿಟ್ಟುಸಿರು ಬಿಟ್ಟಳು.

“ನುಸಿ ಸಾಕಿದ್ರ ಪಗಾರ ಕೊಡ್ತಾರಂದ್ರ, ಇಷ್ಟ ವರ್ಷ ನಾ ಪುಕ್ಕಟ ಕೊಂದ್ನೆಲ್ಲೋ.”

ನಾನು ಮತ್ತೆ ವಿದ್ಯಾಗಿರಿಯ ಆ ಹಿತ್ತಲ ಬಾಗಿಲಿಗೆ ಹೋಗಿ ನಿಂತೆ. ಬೈಗುಳದ ಜೊತೆ ಪೊಟ್ಟಣವೂ ಸಿಕ್ಕಿತು.

೩. ಬಾದಾಮಿಯ ಬಾಟಲಿ

ಹೊಸ ಜಾಡಿಗಳಲ್ಲಿ ಎಣ್ಣೆ ನುಸಿಯನ್ನು ಸೋಲಿಸಿತು. ಆದರೆ ಜಾಡಿಯಲ್ಲಿ ಗೆದ್ದರೆ ಸಾಲದು, ಮನೆಗಳಲ್ಲಿ ಗೆಲ್ಲಬೇಕು ಎಂದರು ಸಾಹೇಬರು. ಎರಡು ಮನೆ ಆರಿಸಿದೆವು. ಒಂದು ಬಾದಾಮಿಯ ಹತ್ತಿರ ಮಹಾಕೂಟದ ಹಾದಿಯಲ್ಲಿನ ರೈತರೊಬ್ಬರದು. ಅಲಸಂದಿ ಚೀಲಕ್ಕೆಂದು ಒಂದು ದೊಡ್ಡ ಬಾಟಲಿ ನೀಲಗಿರಿ ಎಣ್ಣೆ ಕೊಟ್ಟು ಬಂದೆ. ಮುಂದಿನ ತಿಂಗಳು ಹೋದರೆ ಬಾಟಲಿ ಖಾಲಿ, ಚೀಲದ ತುಂಬ ನುಸಿ. ಎಣ್ಣೆ ಏನಾಯಿತೆಂದು ಕೇಳಿದೆ. ಯಜಮಾನರು ಏನೂ ಮುಚ್ಚಿಡದೆ ಲೆಕ್ಕ ಒಪ್ಪಿಸಿದರು. ಅವರಪ್ಪನ ಮೊಣಕಾಲಿಗೆ ಸ್ವಲ್ಪ, ಹೆಂಡತಿಯ ನೆಗಡಿಗೆ ಸ್ವಲ್ಪ, ಅತ್ತಿಗೆಯ ಸೊಂಟಕ್ಕೆ ಸ್ವಲ್ಪ, ಉಳಿದದ್ದು ಎತ್ತಿನ ಹೆಗಲಿಗೆ. ಮತ್ತೆ ಕಾಳಿಗೆ ಎಂದೆ.

“ಕಾಳಿಗೆ ಎಲ್ಲಿ ನೋವಿತ್ರಿ?” ಎಂದರು ಅವರು.

೪. ಇಳಕಲ್ಲಿನ ಎರಡು ಚೀಲ

ಇನ್ನು ಉಳಿದದ್ದು ಇಳಕಲ್ಲಿನ ನೇಕಾರರ ಮನೆಯೊಂದೇ. ಅಲ್ಲಿ ಯಜಮಾನರು ದಿನವಿಡೀ ನೆಲದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದರು. ಮನೆಯ ಕಾರಭಾರವೆಲ್ಲ ಅವರ ಹೆಂಡತಿಯದು. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ. ಅಕ್ಕನ ಮೇಲಿನ ಕಾರಭಾರ ಅತ್ತೆಯದು.

ಅವರು ವರ್ಷದ ಊಟಕ್ಕೆಂದು ತರಿಸಿದ್ದ ಹುನಗುಂದದ ಕಪ್ಪು ಮಣ್ಣಿನ ಯರಿ ಹೊಲದ ಕಡಲೆ ಎರಡು ಚೀಲ ಇಳಿಸಿ ಅಕ್ಕನಿಗೆ ತಿಳಿಸಿ ಹೇಳಿದೆ. ತಿಂಗಳಿಗೊಮ್ಮೆ ನಾನು ಎಣ್ಣೆ ಮತ್ತು ಹತ್ತಿ ತಂದುಕೊಡುತ್ತೇನೆ. ಬಿಸಿಲಿಳಿದ ಮೇಲೆ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಮೊದಲ ಚೀಲದೊಳಗೆ ಇಟ್ಟು ಬಾಯಿ ಬಿಗಿಯಾಗಿ ಕಟ್ಟಬೇಕು. ಎರಡನೆಯ ಚೀಲಕ್ಕೆ ಎಣ್ಣೆ ತಾಗಿಸಲೇಬಾರದು. ಅದಕ್ಕೆ ನುಸಿ ಬಿದ್ದರೇನೇ ಇದರ ಗುಣ ತಿಳಿಯುವುದು. ಹಾಳಾದ ಕಡಲೆಗೆ ಬದಲು ಕಡಲೆ ಕೊಡುತ್ತೇವೆ. ಅಕ್ಕ ಎಲ್ಲಕ್ಕೂ ತಲೆಯಾಡಿಸಿದರು. ಹತ್ತಿಯ ವಾಸನೆಗೆ ಮೂಗು ಮುಚ್ಚಿಕೊಂಡವರು ಅತ್ತೆ.

“ಕಾಳಿಗೆ ಅತ್ತರ ಹಚ್ಚತೀ ಏನೋ ತಮ್ಮಾ? ಅವೇನು ಮದವಿಗಿ ಹೊಂಟಾವೇನು?”

ಆರು ತಿಂಗಳು ತಪ್ಪದೆ ಎಣ್ಣೆ ಮುಟ್ಟಿಸಿದೆ. ಚೀಲ ಬಿಚ್ಚಿ ನೋಡುವ ದಿನ ಸಾಹೇಬರೇ ಜೀಪಿನಲ್ಲಿ ಬಂದರು. ಮೊದಲ ಚೀಲದ ಬಾಯಿ ಬಿಚ್ಚಿದರೆ ಕಡಲೆ ಈಗ ತಾನೇ ಹೊಲದಿಂದ ಬಂದ ಹಾಗಿತ್ತು. ನಾನು ಎದೆಯುಬ್ಬಿಸಿ ಎರಡನೆಯ ಚೀಲ ಬಿಚ್ಚಿದೆ. ಅದೂ ಹಾಗೇ ಇತ್ತು. ತಳದವರೆಗೆ ಕೈ ಹಾಕಿ ಹುಡುಕಿದೆ. ಒಂದು ನುಸಿಯೂ ಇಲ್ಲ.

“ಎಣ್ಣಿ ಹಾಕಿದ್ದೂ ಛಲೋ ಅದ, ಹಾಕಲಾರದ್ದೂ ಛಲೋ ಅದ. ಹಂಗಾದ್ರ ಎಣ್ಣಿ ಯಾಕ ಬೇಕಪ್ಪಾ?” ಎಂದರು ಸಾಹೇಬರು.

ನೌಕರಿ ಹೋಯಿತೆಂದೇ ಲೆಕ್ಕ. ಅವ್ವನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದಾಗ ಅಕ್ಕ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

“ತಪ್ಪು ನಂದರಿ. ಒಂದ ಮನ್ಯಾಗ ಎರಡು ಕೂಸು ಇದ್ದಂಗ ಅದಾವು. ಒಂದಕ್ಕ ಉಣಿಸಿ ಒಂದಕ್ಕ ಉಪಾಸ ಕೆಡವಲಿಕ್ಕೆ ಮನಸ ಬರಲಿಲ್ಲ. ಪ್ರತಿ ಸಲ ಹತ್ತಿ ಹರದು ಅರ್ಧರ್ಧ ಮಾಡಿ ಎರಡಕ್ಕೂ ಇಟ್ಟೀನಿ.”

ಅರ್ಧ ಎಣ್ಣೆಗೇ ಇಷ್ಟು ಗುಣವೇ ಎಂದು ಸಾಹೇಬರ ಕಣ್ಣು ಅರಳಿತು. ಮರುಗಳಿಗೆಗೆ ಬಾಡಿತು. ಇದು ಎಣ್ಣೆಯ ಗುಣವೋ, ಕಡಲೆಯ ಗುಣವೋ ಹೇಳುವುದು ಹೇಗೆ? ಇದೇ ಕಡಲೆ ಎಣ್ಣೆ ಸೋಕದೆ ಎಲ್ಲಾದರೂ ಇದ್ದರೆ ಮಾತು ಬೇರೆ ಎಂದು ಕೈಯಲ್ಲಿದ್ದ ದಾಖಲೆ ಪುಸ್ತಕ ಮುಚ್ಚಿದರು.

ಅಕ್ಕ ಮೆಲ್ಲಗೆ ಅತ್ತೆಯ ಕಡೆ ತಿರುಗಿದರು.

“ಅತ್ತೀ, ನಿಮ್ಮ ಗಡಿಗಿ ತಗೀರಲ್ಲ.”

ಅತ್ತೆ ಕೇಳಿಸದವರಂತೆ ಕೂತರು. ಆಗ ವಿಷಯ ಹೊರಬಿತ್ತು. ವಾಸನೆಯ ಕಾಳು ತಾನು ಉಣ್ಣುವುದಿಲ್ಲವೆಂದು ಹಿರಿಯಮ್ಮ ಮೊದಲ ದಿನವೇ, ಎಣ್ಣೆ ತಾಗುವ ಮುಂಚೆ, ಅದೇ ಚೀಲದಿಂದ ನಾಲ್ಕು ಸೇರು ಕಡಲೆ ತೆಗೆದು, ತನ್ನ ಗಡಿಗೆಗೆ ತುಂಬಿ, ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ಸೊಸೆ ಎಣ್ಣೆ ಹಾಕಿಬಿಟ್ಟಾಳೆಂದು ಆ ಕೀಲಿಯನ್ನು ಸೊಂಟದಿಂದ ಬಿಚ್ಚಿ ಯಾರ ಕೈಗೂ ಕೊಟ್ಟಿರಲೇ ಇಲ್ಲ. ಮಗ ಮಗ್ಗದಿಂದ ಎದ್ದು ಬಂದು ಕೈಮುಗಿದ ಮೇಲೆ ಕಪಾಟು ತೆರೆಯಿತು.

ಗಡಿಗೆಯ ಬಟ್ಟೆ ಬಿಚ್ಚಿದ್ದೇ ತಡ, ನುಸಿಗಳು ಸಾಹೇಬರ ತೋಳಿನವರೆಗೆ ಹತ್ತಿದವು. ಕಡಲೆಯೆಲ್ಲ ತೂತು, ತಳದಲ್ಲಿ ಹಿಟ್ಟು. ಹಾಳಾದ ಕಾಳು ನೋಡಿ ಅಷ್ಟು ಸಂತೋಷಪಟ್ಟವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ಕಣ್ಣಲ್ಲಿ ನೀರೇ ಬಂತು. ಸಾಹೇಬರು ತೋಳು ಝಾಡಿಸುತ್ತಲೇ ಪುಸ್ತಕ ತೆರೆದು ಬರೆದುಕೊಂಡರು, ಮುಂದಿನ ವರ್ಷಕ್ಕೂ ನಿನ್ನ ಹೆಸರು ಕಳಿಸುತ್ತೇನೆ ಎಂದರು. ಅಕ್ಕ ಬಾಯಿಗೆ ಸೆರಗು ಹಿಡಿದುಕೊಂಡು ಅಡಿಗೆ ಮನೆಗೆ ಹೋದರು. ಒಳಗಿಂದ ನಗು ಕೇಳಿಸುತ್ತಿತ್ತು.

ನಾನು ಅಕ್ಕನಿಗೆ ನಮಸ್ಕಾರ ಹೇಳಲು ಹೊರಟರೆ ಹಿರಿಯಮ್ಮ ಕೈ ಹಿಡಿದು ನಿಲ್ಲಿಸಿದರು. ಮುಖದಲ್ಲಿ ಸೋತ ಕಳೆ ಒಂದಿಷ್ಟೂ ಇರಲಿಲ್ಲ.

“ಆ ಕಡೆ ಯಾಕ ಹೊಂಟಿ? ಆಕಿ ಎಣ್ಣಿ ಹಾಕಿ ನಿನ್ನ ನೌಕರಿ ಕಳೀತಿದ್ಲು. ಹಾಕಲಾರದ ಉಳಿಸಿದಾಕಿ ನಾನು.”