ನಲವತ್ತು ಟ್ರೇ, ಒಂದು ಹಾಡು

ಕೆಂಪಣ್ಣನ ಹಾಡು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ ಎಂದು ಅಮೋಘ ಫೋನಿನಲ್ಲಿ ಹೇಳದೇ ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ.

ಅಮೋಘ ವಿಶಾಖಪಟ್ಟಣದವನು. ಅಂದರೆ ಹುಟ್ಟಿದ್ದು ಸಾಗರದಲ್ಲಿ, ಸಂಬಳ ಋಷಿಕೊಂಡದ ಐಟಿ ಕಂಪನಿಯಲ್ಲಿ. ಅಲ್ಲಿಯ ಕನ್ನಡ ಬಳಗದ ಓಡಾಟವೆಲ್ಲ ಅವನದೇ. ಆಂಧ್ರದಲ್ಲಿರುವ ಕನ್ನಡಿಗರು ತಾವೇ ಬರೆದು ಹಾಡಿದ ಹಾಡುಗಳನ್ನು ಸೇರಿಸಿ ಬಳಗ ಒಂದು ಸಿಡಿ ತರುವುದಿತ್ತು. ವಿಜಯವಾಡದಿಂದ ಒಂದೇ ಹಾಡು, ಅದು ಕೆಂಪಣ್ಣನದು. ಮದ್ದೂರು ಕಡೆಯ ಈ ಹುಡುಗ ಔಷಧಿ ಕಂಪನಿಯ ಬ್ಯಾಗು ಹೊತ್ತು ಬೆಂಜ್ ಸರ್ಕಲ್ಲಿನ ಆಸ್ಪತ್ರೆಗಳಲ್ಲಿ ಡಾಕ್ಟರುಗಳ ಬಾಗಿಲು ಕಾಯುತ್ತಿದ್ದ. ಕಾಯುತ್ತಾ ಕಾಯುತ್ತಾ ಕಟ್ಟಿದ ಹಾಡು ಅದು: ಕೃಷ್ಣೆಯ ದಡದಲ್ಲಿ ನಿಂತು ಊರಿನ ಶಿಂಷೆಯನ್ನು ನೆನೆಯುವುದು. ಇಪ್ಪತ್ತೊಂಬತ್ತು ವರ್ಷದ ಬಾಳಿನಲ್ಲಿ ಮೊದಲ ಸಲ ಅವನ ಹೆಸರು ಎಲ್ಲಾದರೂ ಅಚ್ಚಾಗುವುದಿತ್ತು.

"ನೀನು ಕಳಿಸಿದ್ದರಲ್ಲಿ ಗೋಡೆಗೆ ಹೊಡೆದು ದನಿ ವಾಪಸ್ ಬರ್ತಿದೆ ಮಾರಾಯ," ಅಂದಿದ್ದ ಅಮೋಘ. "ಖಾಲಿ ಮೊಟ್ಟೆ ಟ್ರೇ ತಂದು ಗೋಡೆ ತುಂಬ ಅಂಟಿಸು, ಸರಿಹೋಗತ್ತೆ. ನಾಳೆ ಸಂಜೆ ಆರರೊಳಗೆ ಕೊರಿಯರ್ ಆಗ್ಲೇಬೇಕು. ನಾಡಿದ್ದು ಬಳಗದವರೆಲ್ಲ ಕೂತು ಕೇಳ್ತೀವಿ. ಅಧ್ಯಕ್ಷೆ ಉಮಾದೇವಿ ಮೇಡಂ ಗೊತ್ತಲ್ಲ, ಸಿಡಿ ಪೂರ್ತಿ ಮುಗಿಯೋ ತನಕ ಯಾರನ್ನೂ ಏಳಕ್ಕೆ ಬಿಡಲ್ಲ."

ಗೊತ್ತಿಲ್ಲದೆ ಏನು. ಕೆಂಪಣ್ಣನಿಗೆ ರೂಮು ಕೊಡಿಸಿದವರೇ ಆಕೆ. ಮನೆಯೊಡತಿ ಲಕ್ಷ್ಮೀಕಾಂತಮ್ಮ ಉಮಾದೇವಿಯವರ ಒಡಹುಟ್ಟಿದ ತಂಗಿ. ಇಬ್ಬರೂ ಬಳ್ಳಾರಿಯಿಂದ ತೆಲುಗು ಮನೆಗಳಿಗೆ ಸೊಸೆಯರಾಗಿ ಬಂದವರು, ಮಡಿ ಮೈಲಿಗೆಯಲ್ಲಿ ಅಕ್ಕನನ್ನು ಮೀರಿಸಬೇಕೆಂದು ತಂಗಿ, ತಂಗಿಯನ್ನು ಮೀರಿಸಬೇಕೆಂದು ಅಕ್ಕ. ತಂಗಿಯ ಗೇಟಿನ ಮೇಲೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ಇತ್ತು. ಆಕೆಯ ಗಂಡ ದಕ್ಷಿಣಾಮೂರ್ತಿಗಳು ನಿವೃತ್ತ ಹೆಡ್‌ಮಾಸ್ತರು. ನಲವತ್ತು ವರ್ಷ ಸಂಸಾರ ಮಾಡಿದರೂ ಅವರಿಗೆ ಕನ್ನಡದ ಗಂಧವಿಲ್ಲ. ಮನೆಯಲ್ಲಿ ಮಾತಾಡುವ ಸರದಿಯೇ ಬಾರದ ಮನುಷ್ಯ ಇನ್ನೊಂದು ಭಾಷೆ ಕಲಿತು ಮಾಡುವುದೇನು, ಹೇಳಿ.

ರೂಮು ಕೊಡುವಾಗ ಲಕ್ಷ್ಮೀಕಾಂತಮ್ಮ ಕನಕದುರ್ಗೆಯ ಫೋಟೋದ ಮುಂದೆ ಕೆಂಪಣ್ಣನಿಂದ ಕರ್ಪೂರ ಮುಟ್ಟಿಸಿ, ಮೊಟ್ಟೆ ಮಾಂಸ ತಿನ್ನುವುದಿಲ್ಲವೆಂದು ಆಣೆ ಮಾಡಿಸಿಕೊಂಡಿದ್ದರು. ಪಾಪದ ಹುಡುಗ ಆಣೆ ಉಳಿಸಿಕೊಂಡಿದ್ದ. ಬೆಳಿಗ್ಗೆ ಎರಡು ಮೊಟ್ಟೆ ಇಲ್ಲದೆ ಬೆಳಗೇ ಆಗದ ಮನೆಯಲ್ಲಿ ಬೆಳೆದವನು ಹನ್ನೊಂದು ತಿಂಗಳಿಂದ ಇಡ್ಲಿ ಮುರಿದು, ಅದರ ಬಿಳುಪು ನೋಡಿ ನಿಟ್ಟುಸಿರು ಬಿಡುತ್ತಿದ್ದ.

ಅಂಥವನು ಫೋನು ಬಂದ ಮರುದಿನ ರಜೆ ಹಾಕಿ, ಗವರ್ನರ್‌ಪೇಟೆಯ ಸಗಟು ಅಂಗಡಿಯ ಹಿಂದೆ ಬಿದ್ದಿದ್ದ ನಲವತ್ತು ಖಾಲಿ ಟ್ರೇಗಳನ್ನು ಆಟೋದಲ್ಲಿ ಹೇರಿಕೊಂಡು ಬಂದು ಆ ಬೋರ್ಡಿನ ಕೆಳಗೇ ಇಳಿಸಿದ.

ಕೆಳಮನೆಯ ಬಾಡಿಗೆದಾರ ಸೂರ್ಯಪ್ರಕಾಶರು ವರಾಂಡದಲ್ಲಿ ಪೇಪರು ಓದುತ್ತಿದ್ದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವರು, ಎಣಿಕೆ ಕೈಬಿಡದು. ಇವರೂ ದಕ್ಷಿಣಾಮೂರ್ತಿಗಳೂ ಆಡುವುದು ತೆಲುಗು; ನಮ್ಮ ಅನುಕೂಲಕ್ಕೆ ಕನ್ನಡದಲ್ಲೇ ಕೇಳೋಣ.

"ಟ್ರೇಗೆ ಮೂವತ್ತು. ನಲವತ್ತು ಟ್ರೇ. ಸಾವಿರದ ಇನ್ನೂರು," ಅಂದರು ಅವರು ಎದ್ದು ನಿಂತು. "ಒಬ್ಬನೇ ಹುಡುಗ. ಎಷ್ಟು ದಿನದಿಂದ ನಡೀತಿದೆ ಬಾಬು ಇದು?"

ನಾಲ್ಕು ಬಾಗಿಲು ತೆರೆದವು. ಎದುರುಮನೆಯವರು ಗೇಟಿಗೇ ಬಂದರು. ಲಕ್ಷ್ಮೀಕಾಂತಮ್ಮ ಪೂಜೆಯ ಗಂಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು, ಟ್ರೇಗಳನ್ನು ಕಂಡು, ಗೋಡೆ ಹಿಡಿದುಕೊಂಡರು.

"ಕೆಂಪಣ್ಣ, ನನ್ನ ಮನಿಯಾಗ ಕುಂತು ಇಷ್ಟು ತಿಂದೀಯಾ?"

"ಅಮ್ಮಾ, ತಿಂದಿಲ್ಲ ಕಣಮ್ಮ. ಇವು ಬರೀ ಟ್ರೇ. ಹಾಡಿಗೆ ತಂದಿದ್ದು."

"ಹಾಡಿಗೂ ತತ್ತಿಗೂ ಏನು ಸಂಬಂಧನೋ?"

ಸಂಬಂಧ ವಿವರಿಸಲು ಹೋಗಿ ಕೆಂಪಣ್ಣ ಬೆವೆತುಹೋದ. ಪ್ರತಿಧ್ವನಿಗೆ ತೆಲುಗಿನಲ್ಲಿ ಏನನ್ನುತ್ತಾರೋ ತಿಳಿಯದೆ, ಗೋಡೆಗೆ ಬಾಯಿಟ್ಟು ಕೂಗಿ ತೋರಿಸಿದ. ಅದನ್ನು ನೋಡಿದ ಮೇಲೆ ಇದ್ದಬದ್ದ ನಂಬಿಕೆಯೂ ಹೋಯಿತು.

"ಇವನನ್ನು ಇವತ್ತೇ ಖಾಲಿ ಮಾಡಿಸಬೇಕು ಅಮ್ಮಾ," ಅಂದರು ಸೂರ್ಯಪ್ರಕಾಶರು. "ನಮ್ಮಂಥ ಆಚಾರವಂತರು ಇರುವ ಮನೆ ಇದು."

ಲಕ್ಷ್ಮೀಕಾಂತಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಅಕ್ಕ ಕಳಿಸಿದ ಹುಡುಗ. "ಸಂಜಿ ಏಳಕ್ಕ ನಮ್ಮ ಹಾಲಿನ್ಯಾಗ ಎಲ್ಲಾರೂ ಸೇರೋಣು. ಹಾಡು ಅಂತೀಯಲ್ಲ, ಅಲ್ಲಿ ಕೇಳಿಸು. ಹಾಡು ಇಲ್ಲ ಅಂದ್ರ ಗಂಟು ಕಟ್ಟು," ಎಂದು ಅವನಿಗೆ ಕನ್ನಡದಲ್ಲೂ ಉಳಿದವರಿಗೆ ತೆಲುಗಿನಲ್ಲೂ ತೀರ್ಪು ಕೊಟ್ಟು ಒಳಗೆ ಹೋದರು.

ಕೆಂಪಣ್ಣನಿಗೆ ಈಗ ಹಾಡೂ ಬೇಕು, ಅದರಿಂದ ರೂಮೂ ಉಳಿಯಬೇಕು. ಊಟ ಬಿಟ್ಟು ಮೇಲಿನ ರೂಮಿನ ಗೋಡೆಗೆಲ್ಲ ಟ್ರೇ ಅಂಟಿಸಿದ. ಮೂರೂವರೆಗೆ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಶ್ರುತಿ ಪೆಟ್ಟಿಗೆಯನ್ನು ದಿಂಬಿನ ಮೇಲಿಟ್ಟ. ಹಳೆಯ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಒತ್ತಿ, ಮಾನಿಟರಿನ ಗುಂಯ್ ಸದ್ದು ಮೈಕಿಗೆ ಬೀಳದಿರಲೆಂದು ಮಾನಿಟರನ್ನು ಆರಿಸಿದ. ಕಣ್ಣು ಮುಚ್ಚಿ ಹಾಡಿದ.

ಏನು ಹಾಡಿದ ಅಂತೀರಿ. ಶಿಂಷೆ ಅವನ ಗಂಟಲಲ್ಲೇ ಹರಿಯಿತು. ಕೆಳಗೆ ಕುಕ್ಕರ್ ಕೂಗಲಿಲ್ಲ, ನಾಯಿ ಬೊಗಳಲಿಲ್ಲ, ಗ್ಯಾಸಿನವನು ಬರಲಿಲ್ಲ. ಕೊನೆಯ ಸ್ವರ ನಿಂತು ಎರಡು ಉಸಿರು ಆಗಿರಬೇಕು, ಬಾಗಿಲು ಮೆಲ್ಲಗೆ ತಟ್ಟಿದ ಸದ್ದಾಯಿತು.

ಸೂರ್ಯಪ್ರಕಾಶರು. ಕಂಕುಳಲ್ಲಿ ಬಟ್ಟೆಯ ಚೀಲ. ಒಳಗೆ ಬಂದು ತಾವೇ ಬಾಗಿಲು ಹಾಕಿದರು.

"ಕೆಂಪಣ್ಣ ಗಾರು, ಬೆಳಿಗ್ಗೆ ನಾಲ್ಕು ಜನರ ಎದುರಿಗೆ ಹಾಗೆ ಮಾತಾಡಬೇಕಾಯಿತು. ಮನಸ್ಸಿನಲ್ಲಿ ಇಟ್ಕೋಬೇಡಿ. ಒಂದು ಹನ್ನೆರಡು ಸಿಗುತ್ತಾ?"

"ಏನು ಸಾರ್ ಹನ್ನೆರಡು?"

"ಕೋಳಿಮೊಟ್ಟೆ ಕಣ್ರೀ. ಅಂಗಡಿಗೆ ಹೋದರೆ ಯಾರಾದರೂ ನೋಡ್ತಾರೆ. ನೀವು ಮೇಲೇ ಇದ್ದೀರಿ, ಅನುಕೂಲ."

ಕೆಂಪಣ್ಣ ಗೋಡೆಯ ಖಾಲಿ ಟ್ರೇಗಳತ್ತ ಕೈ ತೋರಿಸಿದ. ಒಂದೂ ಇಲ್ಲ ಅಂದರೆ ಅವರು ಆರು ಕೇಳಿದರು, ಆರೂ ಇಲ್ಲ ಅಂದರೆ ಎರಡಕ್ಕೆ ಇಳಿದರು. ಎರಡೂ ಇಲ್ಲವೆಂದಾಗ ಅವರ ಮುಖ ಮತ್ತೆ ಆಚಾರವಂತರದಾಯಿತು. "ಒಬ್ಬರೇ ತಿನ್ನುವ ಬುದ್ಧಿ. ಸಂಜೆ ನೋಡ್ಕೋತೀನಿ," ಎಂದು ಇಳಿದು ಹೋದರು.

ಆ ಬೆರಗು ಇಳಿಯುವ ಮೊದಲೇ ದಕ್ಷಿಣಾಮೂರ್ತಿಗಳು ಬಂದರು. ಬಂದವರು ಮಂಚದ ಮೇಲೆ ಕೂತು, ಪಂಚೆಯ ತುದಿಯಿಂದ ಕುತ್ತಿಗೆ ಒರೆಸಿಕೊಂಡರು.

"ದಿನಕ್ಕೊಂದು ಮೊಟ್ಟೆಯ ಬಿಳಿಭಾಗ ತಿನ್ನಿ ಅಂತ ಡಾಕ್ಟರು ಹೇಳಿ ಎರಡು ವರ್ಷ ಆಯ್ತು ಬಾಬು. ನಮ್ಮಾಕೆಗೆ ಹೇಳುವ ಧೈರ್ಯ ಇಲ್ಲ. ಸಂಜೆ ವಾಕಿಂಗ್ ಅಂತ ಹೋಗಿ ತಳ್ಳುಬಂಡಿಯ ಹತ್ತಿರ ತಿಂದು, ಮೇಲೆ ಲವಂಗ ಅಗಿದು ಬರ್ತೀನಿ. ಈಗ ಮಂಡಿ ನೋವು. ನೀನೇ ದಿನಕ್ಕೊಂದು ಬೇಯಿಸಿ ಕೊಟ್ಟರೆ ಪುಣ್ಯ ಬರುತ್ತೆ."

"ಬಿಳಿಭಾಗ ಸರಿ ಸಾರ್. ಹಳದಿ ಏನು ಮಾಡ್ತೀರಿ?"

"ಅದನ್ನೂ ತಿಂತೀನಿ. ಅನ್ನ ಎಸೀಬಾರದು."

ಮೊಟ್ಟೆಯೇ ಇಲ್ಲವೆಂದು ಅವರಿಗೆ ನಂಬಿಸುವಷ್ಟರಲ್ಲಿ ನಾಲ್ಕೂಕಾಲು. ಸಿಡಿ ತಂದಿಲ್ಲವೆಂದು ಕೆಂಪಣ್ಣನಿಗೆ ಆಗ ನೆನಪಾಯಿತು. ಅವರನ್ನು ಮೆಟ್ಟಿಲಿಳಿಸಿ, ರೂಮಿಗೆ ಬೀಗ ಹಾಕಿ, ಬೆಂಜ್ ಸರ್ಕಲ್ಲಿಗೆ ಓಡಿದ.

ಎರಡು ಖಾಲಿ ಸಿಡಿ ಹಿಡಿದು ಬಂದಾಗ ಐದಕ್ಕೆ ಹತ್ತು ನಿಮಿಷ. ಮಾನಿಟರ್ ಹಾಕಿದರೆ ರೆಕಾರ್ಡಿಂಗಿನ ಕೆಂಪು ಚುಕ್ಕೆ ಇನ್ನೂ ಮಿನುಗುತ್ತಿದೆ. ನಿಲ್ಲಿಸಿದ. ಹಿಂದಿನ ಬಾಲ ಕತ್ತರಿಸಬೇಕು ಅಂದುಕೊಂಡ. ಮೊದಲು ಹಾಡು ಹೇಗಿದೆ ನೋಡೋಣ ಎಂದು ಕೇಳಿದ. ಬಾವಿ ಮಾಯವಾಗಿತ್ತು. ತನ್ನ ದನಿಯೇ ಇದು ಎಂದು ನಂಬಲಾರದೆ ಕಣ್ಣು ಒದ್ದೆ ಮಾಡಿಕೊಂಡು ಕೂತಿರುವಾಗ ಅಮೋಘನ ಫೋನು.

"ಎಲ್ಲಿಗೆ ಬಂತೋ? ಆರು ಹೊಡೆದ್ರೆ ಮುಗೀತು."

ಕೆಂಪಣ್ಣ ಗಾಬರಿಯಲ್ಲಿ ಒಂದರ ಹಿಂದೆ ಒಂದು ಎರಡು ಸಿಡಿ ಬರೆಯಲು ಹಾಕಿದ. ಐದು ನಿಮಿಷದ ಹಾಡಿಗೆ ಇಷ್ಟು ಹೊತ್ತು ಯಾಕೆ ಎಂದು ಯಂತ್ರವನ್ನು ಬೈದ. ಒಂದು ಸಿಡಿಯನ್ನು ಲಕೋಟೆಗೆ ಹಾಕಿ, ಗವರ್ನರ್‌ಪೇಟೆಯ ಕೊರಿಯರ್ ಅಂಗಡಿಯ ಷಟರ್ ಅರ್ಧ ಇಳಿದಿದ್ದಾಗ ಬಗ್ಗಿ ಒಳನುಗ್ಗಿ ಕೊಟ್ಟ. ಅವನ ಕಣ್ಣೆದುರೇ ವಿಶಾಖಪಟ್ಟಣದ ಚೀಲಕ್ಕೆ ಹೊಲಿಗೆ ಬಿದ್ದು, ಚೀಲ ವ್ಯಾನು ಹತ್ತಿತು.

ಏಳಕ್ಕೆ ಹಾಲಿನಲ್ಲಿ ಹತ್ತು ಜನ. ಲಕ್ಷ್ಮೀಕಾಂತಮ್ಮ ನಡುವಿನ ಕುರ್ಚಿಯಲ್ಲಿ, ಕೈಯಲ್ಲಿ ಡಿವಿಡಿ ಪ್ಲೇಯರಿನ ರಿಮೋಟು. ಕೆಂಪಣ್ಣ ಎರಡನೆಯ ಸಿಡಿ ಹಾಕಿದ.

ಹಾಡು ಶುರುವಾಯಿತು. ತೆಲುಗರಿಗೆ ಮಾತು ತಿಳಿಯದಿದ್ದರೂ ರಾಗ ತಿಳಿಯಿತು. ಎದುರುಮನೆಯವರು ತಲೆದೂಗಿದರು. ಲಕ್ಷ್ಮೀಕಾಂತಮ್ಮನವರ ಕಣ್ಣಂಚಿನಲ್ಲಿ ನೀರು ನಿಂತಿತು. ಹಾಡು ಮುಗಿಯಿತು. ರೂಮು ಉಳಿಯಿತು ಎಂದು ಕೆಂಪಣ್ಣ ಬೆಳಿಗ್ಗೆಯಿಂದ ಹಿಡಿದಿದ್ದ ಉಸಿರು ಬಿಟ್ಟ.

ಅಷ್ಟರಲ್ಲಿ ಸ್ಪೀಕರ್ ಪೆಟ್ಟಿಗೆಯೊಳಗಿಂದ ಬಾಗಿಲು ತಟ್ಟಿದ ಸದ್ದು. "ಕೆಂಪಣ್ಣ ಗಾರು, ಒಂದು ಹನ್ನೆರಡು ಸಿಗುತ್ತಾ?"

ಹಾಲಿನಲ್ಲಿದ್ದ ಕಣ್ಣುಗಳೆಲ್ಲ ಸೂರ್ಯಪ್ರಕಾಶರ ಮೇಲೆ ಬಿದ್ದವು. ಅವರು ಕೂತ ಕಡೆಯೇ ಅರ್ಧಕ್ಕೆ ಕುಗ್ಗಿದರು.

"ಆಫ್ ಮಾಡಿ ಅಮ್ಮಾ," ಅಂದ ಕೆಂಪಣ್ಣ.

"ಯಾಕ? ಇರಲಿ, ಕೇಳೋಣು," ಎಂದು ಲಕ್ಷ್ಮೀಕಾಂತಮ್ಮ ರಿಮೋಟನ್ನು ಸೆರಗಿನೊಳಗೆ ಇಟ್ಟುಕೊಂಡರು. ಆಚಾರವಂತರು ಹನ್ನೆರಡರಿಂದ ಎರಡಕ್ಕೆ ಇಳಿದದ್ದನ್ನು ಪೂರ್ತಿ ಕೇಳಿದರು. ಆಮೇಲೆ ಗಂಡನ ದನಿ ಬಂತು. ಲವಂಗದ ವಿಷಯ ಬಂದಾಗ ಆಕೆ ಮೆಲ್ಲನೆ ಕುತ್ತಿಗೆ ತಿರುಗಿಸಿ ದಕ್ಷಿಣಾಮೂರ್ತಿಗಳನ್ನು ನೋಡಿದರು. ಆ ನೋಟಕ್ಕೆ ಗೋಡೆಯ ಕ್ಯಾಲೆಂಡರೂ ಕೆಳಗೆ ಬೀಳಬೇಕಿತ್ತು. ಪಾಪ, ಅವರು ಪಂಚೆಯ ತುದಿಯಿಂದ ಮತ್ತೆ ಕುತ್ತಿಗೆ ಒರೆಸಿಕೊಂಡರು.

ಪೆಟ್ಟಿಗೆಯಲ್ಲಿ ಕೆಂಪಣ್ಣ ಬೀಗ ಹಾಕಿ ಹೋದ ಸದ್ದಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಬೀಗ ತೆರೆದ ಸದ್ದು. ಬಳೆಯ ಸದ್ದು. ಡಬ್ಬಿ, ಪಾತ್ರೆಗಳ ಮುಚ್ಚಳ ತೆಗೆದು ಹಾಕುವ ಸದ್ದು. ಕೆಂಪಣ್ಣನಿಗೆ ಇದು ಹೊಸದು. ಅವನು ಆಗ ಸಿಡಿ ತರಲು ಹೋಗಿದ್ದ. ಇನ್ನೊಂದು ಕೀಲಿ ಇದ್ದದ್ದು ಒಬ್ಬರ ಹತ್ತಿರ ಮಾತ್ರ.

"ಎಲ್ಲಿ ಮುಚ್ಚಿಟ್ಟಾನ ಇವ," ಎಂದಿತು ಪೆಟ್ಟಿಗೆ, ಅಚ್ಚ ಬಳ್ಳಾರಿ ಕನ್ನಡದಲ್ಲಿ. "ಗ್ವಾಡಿ ತುಂಬ ಟ್ರೇ ಹಚ್ಚ್ಯಾನ, ಒಂದರ ತತ್ತಿ ಬ್ಯಾಡೇನು? ನಲವತ್ತು ವರ್ಷ ಆತು ಬಾಯಿಗೆ ಬಿದ್ದು. ಬಳ್ಳಾರ್ಯಾಗ ಉಮಕ್ಕ ಹಿತ್ತಲದಾಗ ಕದ್ದು ಬೇಯಿಸ್ತಿದ್ಲು. ಆಕಿಗೆ ಎರಡು, ನನಗ ಒಂದು. ಉಪ್ಪು ಖಾರ ಹಚ್ಚಿ ತಿಂತಿದ್ವಿ. ಆಕಿ ಈಗೂ ತಿಂತಾಳ, ವೈಜಾಗಿನ್ಯಾಗ ಕೇಳೋರು ಯಾರದಾರ. ನನ್ನ ಹಣೇಬರಹ ನೋಡು."

ಲಕ್ಷ್ಮೀಕಾಂತಮ್ಮ ಸೆರಗಿನಿಂದ ರಿಮೋಟು ತೆಗೆದು ಕೈಗೆ ಸಿಕ್ಕ ಗುಂಡಿ ಒತ್ತಿದರು. ದನಿ ಇನ್ನೂ ಜೋರಾಯಿತು. 'ಉಮಕ್ಕ' ಎಂಬುದು ಬೀದಿಯ ತುದಿಯವರೆಗೆ ಕೇಳಿರಬೇಕು. ಕೊನೆಗೆ ಕೆಂಪಣ್ಣನೇ ಎದ್ದು ವೈರು ಕಿತ್ತ.

ಹತ್ತು ಜನರಲ್ಲಿ ಕನ್ನಡ ತಿಳಿದವರು ಇಬ್ಬರೇ. ಒಬ್ಬನ ಕೈಯಲ್ಲಿ ವೈರು, ಇನ್ನೊಬ್ಬರ ಕೈಯಲ್ಲಿ ರಿಮೋಟು.

ಸೂರ್ಯಪ್ರಕಾಶರು ಪೂರ್ತಿ ಎತ್ತರಕ್ಕೆ ಎದ್ದು ನಿಂತರು. "ಅಮ್ಮನವರ ದನಿ ಅಲ್ಲವಾ ಅದು? ನಮ್ಮದೆಲ್ಲ ಕೇಳಿದ್ದಾಯಿತು. ಕೆಂಪಣ್ಣ ಗಾರು, ಅವರು ಹೇಳಿದ್ದನ್ನೂ ತೆಲುಗಿನಲ್ಲಿ ಹೇಳಿ."

ದಕ್ಷಿಣಾಮೂರ್ತಿಗಳೂ ನಲವತ್ತು ವರ್ಷದಲ್ಲಿ ಮೊದಲ ಸಲ ಹೆಂಡತಿಯ ಎದುರು ಬಾಯಿ ತೆರೆದರು. "ಹೌದು ಬಾಬು. ಹೇಳು."

ಲಕ್ಷ್ಮೀಕಾಂತಮ್ಮ ಕೆಂಪಣ್ಣನನ್ನೇ ನೋಡುತ್ತಿದ್ದರು. ಗದರಿಕೆಯಿಲ್ಲದ ಅಂಥ ನೋಟವನ್ನು ಅವನು ಹನ್ನೊಂದು ತಿಂಗಳಲ್ಲಿ ಕಂಡಿರಲಿಲ್ಲ.

"ಅಮ್ಮನವರು," ಎಂದು ಅವನು ಗಂಟಲು ಸರಿಮಾಡಿಕೊಂಡ, "ಇಷ್ಟು ಹುಡುಕಿದರೂ ರೂಮಿನಲ್ಲಿ ಒಂದು ಮೊಟ್ಟೆಯೂ ಇಲ್ಲ ಅಂತ ಹೇಳ್ತಿದ್ದಾರೆ."

"ಅಕ್ಕನ ಹೆಸರು ಬಂತಲ್ಲ?" ಅಂದರು ದಕ್ಷಿಣಾಮೂರ್ತಿಗಳು.

"ಅಕ್ಕ ಕಳಿಸಿದ ಹುಡುಗ, ತಪ್ಪು ಮಾಡೋನಲ್ಲ ಅಂತ."

ಎಲ್ಲರೂ ಚದುರಿದರು. ಸೂರ್ಯಪ್ರಕಾಶರು ಹಿಂಬಾಗಿಲಿನಿಂದ ಹೋದರು. ಲಕ್ಷ್ಮೀಕಾಂತಮ್ಮ ಕೆಂಪಣ್ಣನನ್ನು ಅಡುಗೆಮನೆಯ ಬಾಗಿಲಿಗೆ ಕರೆದು, ಸಿಡಿಯನ್ನು ಎರಡು ತುಂಡು ಮಾಡಿ ಒಲೆಯ ಹಿಂದಕ್ಕೆ ಎಸೆದರು.

"ತಮ್ಮಾ, ನನ್ನ ಮಾನ ಉಳಿಸಿದಿ. ನಾನಿರೋ ತನಕ ರೂಮು ನಿಂದು. ಆದ್ರ ಕನ್ನಡ ತಿಳಿದೋರ ಕಿವಿಗೆ ಇದು ಬೀಳಬಾರದು. ಅದರಾಗೂ ನಮ್ಮಕ್ಕನ ಕಿವಿಗೆ. ಆಕಿ ನನ್ನ ಹುಟ್ಟಿಲ್ಲ ಅನ್ನಿಸಿಬಿಡ್ತಾಳ. ಇದೊಂದೇ ಅಲ್ಲೇನು ಸಿಡಿ?"

ವ್ಯಾನು ಹತ್ತಿದ ಇನ್ನೊಂದು ಸಿಡಿ ಕೆಂಪಣ್ಣನಿಗೆ ಆಗ ನೆನಪಾಯಿತು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಕೊರಿಯರ್ ಆಯ್ತಂತಲ್ಲ, ಭೇಷ್," ಎಂದ ಅಮೋಘ. ಅವನ ದನಿ ಯಾವಾಗಲೂ ನಾಲ್ಕು ಜನಕ್ಕೆ ಕೇಳುವಂಥದು. "ಉಮಾದೇವಿ ಮೇಡಂಗೆ ಹೇಳಿದೆ. ತಂಗಿ ಮನೆ ಹುಡುಗ ಅಂತ ಭಾರಿ ಖುಷಿ. ನಾಳೆ ನಿನ್ನ ಸಿಡೀನೇ ಮೊದ್ಲು ಹಾಕಿಸ್ತಾರಂತೆ. ಇನ್ನೂರು ಜನ ಬರ್ತಾರೆ."

"ಯಾರೋ ಅದು?" ಎಂದು ಲಕ್ಷ್ಮೀಕಾಂತಮ್ಮ ಹತ್ತಿರ ಬಂದರು. "ಅಕ್ಕನ ಹೆಸರು ತಗೊಂಡಂಗ ಆತು?"

ಕೆಂಪಣ್ಣ ಫೋನು ಆರಿಸಿದ. ಮೆಟ್ಟಿಲು ಹತ್ತಿ ರೂಮಿಗೆ ಹೋಗಿ, ಸೂಟ್‌ಕೇಸನ್ನು ಮಂಚದ ಮೇಲೆ ಬಿಚ್ಚಿಟ್ಟು, ಗೋಡೆಯ ಟ್ರೇಗಳನ್ನು ಒಂದೊಂದಾಗಿ ಕೀಳತೊಡಗಿದ.